ಆರ್ವೊ ಪ್ಯಾರ್ಟ್: ಎಂಟು ವರ್ಷ ಸುಮ್ಮನಿದ್ದು ಮೂರು ಸ್ವರ ಹಿಡಿದು ಬಂದವರು

ತಂಬೂರಿ:
ಎಲ್ಲರಿಗೂ ನಮಸ್ಕಾರ. ನಾನು ವೀಣೆ ಕಲಿತವಳು. ಪಾಶ್ಚಾತ್ಯ ಸಂಗೀತ ನಮ್ಮ ಮನೆಗೆ ಬಂದಿದ್ದು ಮಗಳಿಂದ. ಅವಳು ಪಿಯಾನೋ ಕಲಿಯುತ್ತಿದ್ದಾಳೆ. ಎರಡು ತಿಂಗಳ ಹಿಂದೆ ಅವಳ ಮೇಷ್ಟ್ರು ಒಂದು ಪುಟ್ಟ ಕೃತಿ ಕೊಟ್ಟು ಕಳಿಸಿದರು. ಹೆಸರು 'ಫ್ಯೂರ್ ಅಲೀನಾ'. ಅಂದರೆ ಅಲೀನಾಳಿಗಾಗಿ. ಹಾಳೆಯಲ್ಲಿ ಕಪ್ಪಿಗಿಂತ ಬಿಳಿಯೇ ಜಾಸ್ತಿ. ತಾಳದ ಗುರುತೇ ಇಲ್ಲ. ಅವಳು ನುಡಿಸಲು ಕೂತಾಗ ನಮ್ಮತ್ತೆ ಅಡುಗೆಮನೆಯಿಂದಲೇ "ಇನ್ನೂ ಶ್ರುತಿ ಮಾಡ್ತಾ ಇದೀಯೇನೇ?" ಎಂದು ಕೇಳಿದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ವಾ, ಇದು ಶ್ರುತಿ ಮಾಡುವ ಹೊತ್ತಿನ ಸಂಗೀತವೇ. ಹಾಡು ಶುರುವಾಗುವ ಮೊದಲಿನ ಆ ಎರಡು ನಿಮಿಷ ಇರುತ್ತದಲ್ಲ, ಅದು.

ಅವತ್ತಿನಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಆರ್ವೊ ಪ್ಯಾರ್ಟ್, ಎಸ್ಟೋನಿಯಾದವರು. 1935ರ ಸೆಪ್ಟೆಂಬರ್ 11ರಂದು ಪೈಡೆ ಎಂಬ ಊರಿನಲ್ಲಿ ಹುಟ್ಟಿದರು. ಬೆಳೆದಿದ್ದು ರಾಕ್ವೆರೆಯಲ್ಲಿ. 2025ರಲ್ಲಿ ಅವರಿಗೆ 90 ತುಂಬಿತು. ಚಿಕ್ಕವರಿದ್ದಾಗ ಮನೆಯಲ್ಲಿದ್ದ ಪಿಯಾನೋದ ನಡುವಿನ ಭಾಗ ಕೆಟ್ಟುಹೋಗಿತ್ತಂತೆ. ಮೇಲಿನ ಸ್ವರ, ಕೆಳಗಿನ ಸ್ವರ ಮಾತ್ರ ಸರಿಯಾಗಿ ಬರುತ್ತಿತ್ತು. 'ಫ್ಯೂರ್ ಅಲೀನಾ' ಕೇಳಿ ನೋಡಿ. ಕೆಳಗೆ ಆಳದಲ್ಲಿ ಒಂದು ನಾದ, ಮೇಲೆ ಎತ್ತರದಲ್ಲಿ ಎರಡು ಎಳೆ. ನಡುವೆ ಖಾಲಿ. ಇದು ನಾನು ಕಟ್ಟಿಕೊಂಡ ನಂಟು, ಅವರು ಹೇಳಿದ್ದಲ್ಲ. ಆದರೆ ಆ ಹುಡುಗ ಕಣ್ಮುಂದೆ ಬರುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ. 1968ರಲ್ಲಿ, ಹೆಸರು ಮಾಡಿದ್ದಾಗಲೇ, ಅವರು ಬರೆಯುವುದನ್ನು ನಿಲ್ಲಿಸಿದರು. ಮತ್ತೆ ಬಂದಿದ್ದು 1976ರಲ್ಲಿ, ಈ ಪುಟ್ಟ ಕೃತಿಯೊಂದಿಗೆ. ಎಂಟು ವರ್ಷ. ಆ ಎಂಟು ವರ್ಷ ಏನು ಮಾಡುತ್ತಿದ್ದರು? ಪ್ಯಾರ್ಟ್ ಕೇಳುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಮ್ಮಂಥ ಕಿವಿಯವರು ಎಲ್ಲಿಂದ ಶುರು ಮಾಡಬೇಕು ಎಂಬುದನ್ನೂ ಹೇಳಿ.

ಹೊಸ ಕಿವಿ:
ನಾನು ಕೇಳಿದ್ದೇನೆ ಮೇಡಂ. 'ಶ್ಪೀಗೆಲ್ ಇಮ್ ಶ್ಪೀಗೆಲ್' ಎಂಬುದು. ತಪ್ಪು ತಿಳಿಯಬೇಡಿ, ನನಗೆ ಅದು ಧ್ಯಾನದ ತರಗತಿಯಲ್ಲಿ ಹಿಂದೆ ಹಾಕುವ ಸಂಗೀತದ ಹಾಗೆ ಕೇಳಿಸಿತು. ಚೆನ್ನಾಗಿದೆ, ಆದರೆ ಹತ್ತು ನಿಮಿಷ ಏನೂ ಆಗುವುದಿಲ್ಲ. ಇಷ್ಟಕ್ಕೇ ಯಾಕೆ ಇಷ್ಟು ದೊಡ್ಡ ಹೆಸರು ಎಂದು ಗೊತ್ತಾಗಲಿಲ್ಲ. ನಿಜವಾಗಿ ತಿಳಿಯುವ ಆಸೆಯಿಂದಲೇ ಕೇಳುತ್ತಿದ್ದೇನೆ.

ಮೈಸೂರು ಪಿಟೀಲು:
ಹೊಸ ಕಿವಿ ಅವರೇ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನನಗೂ ಮೊದಲು ಹಾಗೇ ಅನಿಸಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿದ ಮೇಲೆ ಕಿವಿ ತಿರುಗಿತು. ಸ್ವರ ಹಾಕಿಯೇ ಹೇಳುತ್ತೇನೆ.

ಪ್ಯಾರ್ಟ್ ತಮ್ಮ ರೀತಿಗೆ ಟಿಂಟಿನಾಬುಲಿ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಪುಟ್ಟ ಗಂಟೆಗಳು ಎಂದು ಅರ್ಥ. ಇದರಲ್ಲಿ ಎರಡು ಎಳೆ ಇರುತ್ತವೆ. ಒಂದು ಎಳೆ ಮಕ್ಕಳು ಸರಳೆ ವರಸೆ ಹಾಡಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಪಕ್ಕದ ಸ್ವರಕ್ಕೆ ಹೋಗುತ್ತದೆ. ಇನ್ನೊಂದು ಎಳೆಗೆ ಮೂರೇ ಸ್ವರ: ಸ, ಗ, ಪ. ಮೊದಲನೆಯದು ಎಲ್ಲಿಗೆ ಹೋದರೂ ಎರಡನೆಯದು ಈ ಮೂರರಲ್ಲಿ ಹತ್ತಿರದ ಒಂದನ್ನು ಹಿಡಿದು ಜೊತೆಗೆ ನಿಲ್ಲುತ್ತದೆ. ಅಲೆದಾಡುವ ಎಳೆ ಒಂದು, ಮನೆ ಬಿಡದ ಎಳೆ ಇನ್ನೊಂದು. ಅವರ ಹೆಂಡತಿ ನೋರಾ ಇದನ್ನು ಒಂದು ಕೂಡಿಸು ಒಂದು ಅಂದರೆ ಒಂದು ಎಂದು ವಿವರಿಸಿದ್ದಾರೆ. ಎರಡು ಎಳೆ ಕೂಡಿದರೂ ಕೇಳುವುದು ಒಂದೇ ದನಿ.

ಈಗ ನೀವು ಕೇಳಿದ 'ಶ್ಪೀಗೆಲ್'ಗೆ ಬನ್ನಿ. 1978ರ ಕೃತಿ. ಹೆಸರಿನ ಅರ್ಥ ಕನ್ನಡಿಯೊಳಗಿನ ಕನ್ನಡಿ. ಪಿಟೀಲಿನ ಭಾಗವನ್ನು ಎಫ್ ಷಡ್ಜ ಇಟ್ಟುಕೊಂಡು ಹಾಡಿ ನೋಡಿ. ಮೊದಲು ರಿ, ಗ. ಆಮೇಲೆ ಮ, ಗ. ಕೆಳಗಿನಿಂದ ಹತ್ತಿ ಗಾಂಧಾರಕ್ಕೆ ಬಂತು, ಮೇಲಿನಿಂದ ಇಳಿದು ಗಾಂಧಾರಕ್ಕೆ ಬಂತು. ಒಂದು ಇನ್ನೊಂದರ ಕನ್ನಡಿ. ಆಮೇಲೆ ಸಾಲು ಒಂದೊಂದೇ ಸ್ವರ ಬೆಳೆಯುತ್ತಾ ಹೋಗುತ್ತದೆ. ಪ್ರತಿ ಸಲ ಒಂದು ಹೆಜ್ಜೆ ದೂರ, ಪ್ರತಿ ಸಲವೂ ಅದೇ ಗಾಂಧಾರಕ್ಕೆ ವಾಪಸ್ಸು. ಹೊರಗೆ ಹೋಗಿ ಮನೆಗೆ ಮರಳಿದ ಹಾಗೆ ಎಂದು ಪ್ಯಾರ್ಟ್ ಅವರೇ ಹೇಳಿದ್ದಾರೆ. ಮುಂದಿನ ಸಲ ಕೇಳುವಾಗ ಎಣಿಸಿ. ಏನೂ ಆಗುತ್ತಿಲ್ಲ ಎಂದು ಅನಿಸುವುದಿಲ್ಲ. ಈ ಸಲ ಎಷ್ಟು ದೂರ ಹೋಗಿ ಬರುತ್ತದೋ ಎಂದು ಕಾಯುತ್ತೀರಿ.

'ಫ್ಯೂರ್ ಅಲೀನಾ' ಇನ್ನೂ ಅಚ್ಚುಕಟ್ಟು. ಮೊದಲು ಮಂದ್ರದಲ್ಲಿ ಒಂದು ನಾದ. ಆಮೇಲಿನ ಮನೆಯಲ್ಲಿ, ಅಂದರೆ ಹಾಳೆಯ ಮೇಲೆ ಗೆರೆ ಹಾಕಿ ಬೇರೆ ಮಾಡಿದ ಭಾಗದಲ್ಲಿ, ಒಂದು ಚಿಕ್ಕ ಸ್ವರ, ಒಂದು ನಿಲ್ಲುವ ಸ್ವರ. ಮುಂದಿನದರಲ್ಲಿ ಎರಡು ಚಿಕ್ಕ ಸ್ವರ. ಹೀಗೆ ಏಳರವರೆಗೆ ಬೆಳೆಯುತ್ತದೆ. ಅಲ್ಲಿಂದ ಒಂದೊಂದಾಗಿ ಕಡಿಮೆಯಾಗುತ್ತದೆ. ಎರಡು ಕಡೆ ಸಣ್ಣ, ನಡುವೆ ದಪ್ಪ. ನಮ್ಮ ಲೆಕ್ಕದಲ್ಲಿ ಇದು ಮೃದಂಗ ಯತಿ. ತಂಬೂರಿ ಮೇಡಂ, ಮಗಳಿಗೆ ಹಾಗೆ ಹೇಳಿಕೊಡಿ. ತಕ್ಷಣ ಹಿಡಿದುಬಿಡುತ್ತಾಳೆ.

ಕಪ್ಪು ಬಿಳಿ ಮನೆ:
ನಾನು ಬೆಂಗಳೂರಿನಲ್ಲಿ ಪಿಯಾನೋ ಕಲಿಸುತ್ತೇನೆ. ಪಿಟೀಲು ಸರ್ ಬರೆದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

'ಫ್ಯೂರ್ ಅಲೀನಾ'ದಲ್ಲಿ ಎಡಗೈ ಬಿ ಮೈನರಿನ ಮೂರು ಸ್ವರಗಳನ್ನು (ಬಿ ಷಡ್ಜವಾದರೆ ಸ, ಸಾಧಾರಣ ಗ, ಪ) ಬಿಟ್ಟು ಆಚೆ ಹೋಗುವುದಿಲ್ಲ. ಒಂದೇ ಒಂದು ಜಾಗ ಬಿಟ್ಟು. ಅಲ್ಲಿ ಹೊರಗಿನ ಒಂದು ಸ್ವರ ಬರುತ್ತದೆ. ಪ್ಯಾರ್ಟ್ ಆ ಜಾಗದಲ್ಲಿ ಒಂದು ಹೂವು ಬರೆದಿದ್ದಾರೆ. ನಿಜವಾದ ಹೂವಿನ ಚಿತ್ರ. ನಾನು ಮಕ್ಕಳಿಗೆ ಇದನ್ನು ಮೊದಲೇ ಹೇಳುವುದಿಲ್ಲ. ಅವರೇ ಕಂಡುಕೊಳ್ಳಲಿ ಎಂದು ಬಿಡುತ್ತೇನೆ.

ಇದರ ಹಿಂದೆ ಒಂದು ಮನೆಯ ಕಥೆ ಇದೆ. ಪ್ಯಾರ್ಟ್ ದಂಪತಿಗೆ ಪರಿಚಯವಿದ್ದ ಕುಟುಂಬ ಒಡೆದಿತ್ತು. 18 ವರ್ಷದ ಮಗಳು ಅಪ್ಪನ ಜೊತೆ ಇಂಗ್ಲೆಂಡಿಗೆ ಹೋಗಿಬಿಟ್ಟಳು. ಕೃತಿಗೆ ಮಗಳ ಹೆಸರಿದೆ. ಆದರೆ ಬರೆದಿದ್ದು ಮಗಳಿಂದ ದೂರವಾದ ಅಮ್ಮನ ಸಮಾಧಾನಕ್ಕೆ. ಎಸ್ಟೋನಿಯಾ ಆಗ ಸೋವಿಯತ್ ಒಕ್ಕೂಟದೊಳಗೆ ಇತ್ತು. ಆ ಕಾಲದಲ್ಲಿ ಹಾಗೆ ದೇಶ ಬಿಟ್ಟವರನ್ನು ಮತ್ತೆ ನೋಡುವುದು ಸುಲಭವಿರಲಿಲ್ಲ.

ಈಗ ತಂಬೂರಿ ಮೇಡಂ ಪ್ರಶ್ನೆ. ಎಂಟು ವರ್ಷದ ಮೌನ ಎಂದು ಎಲ್ಲರೂ ಬರೆಯುತ್ತಾರೆ, ಆದರೆ ಪೂರ್ತಿ ಮೌನವಲ್ಲ. 1971ರಲ್ಲಿ ಮೂರನೇ ಸಿಂಫನಿ ಬಂತು. ಹೊಟ್ಟೆಪಾಡಿಗೆ ಸಿನಿಮಾಗಳಿಗೂ ಬರೆಯುತ್ತಿದ್ದರು. 'ಉಕುಆರು' ಎಂಬ ಎಸ್ಟೋನಿಯನ್ ಚಿತ್ರಕ್ಕೆ 1973ರಲ್ಲಿ ಮಾಡಿದ ವಾಲ್ಟ್ಸ್ ಅಲ್ಲಿ ಇವತ್ತಿಗೂ ಜನಪ್ರಿಯ. ನಿಂತದ್ದು ಅವರ ಹಳೆಯ ದಾರಿ.

ಆ ಹಳೆಯ ದಾರಿಯೂ ಸಣ್ಣದಲ್ಲ. ರಾಜಧಾನಿ ಟಾಲಿನ್ನಿನ ಸಂಗೀತ ಶಾಲೆಯಲ್ಲಿ ಹೈನೊ ಎಲ್ಲರ್ ಅವರ ಶಿಷ್ಯ. ಓದುತ್ತಿರುವಾಗಲೇ ಎಸ್ಟೋನಿಯಾದ ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ. 1960ರ 'ನೆಕ್ರೊಲೊಗ್' ಎಸ್ಟೋನಿಯಾದಲ್ಲಿ ಹನ್ನೆರಡು ಸ್ವರದ ಪದ್ಧತಿಯಲ್ಲಿ (ಯಾವ ಸ್ವರವೂ ಷಡ್ಜವಲ್ಲ, ಹನ್ನೆರಡೂ ಸಮ) ಬಂದ ಮೊದಲ ಕೃತಿ. ಸೋವಿಯತ್ ಸಂಗೀತಗಾರರ ಒಕ್ಕೂಟದ ಮುಖ್ಯಸ್ಥ ಖ್ರೆನ್ನಿಕೊವ್ ಇದಕ್ಕೆ ಬಹಿರಂಗವಾಗಿ ಬೈದರು. ಹೊರದೇಶದ ಗಾಳಿ ತಗುಲಿದೆ ಎಂದು. ಇತ್ತ 1962ರಲ್ಲಿ, ಪ್ಯಾರ್ಟ್ ಹಾಡುವ ಮಕ್ಕಳ ಮೇಳಕ್ಕೆ ಬರೆದಿದ್ದ 'ನಮ್ಮ ತೋಟ' ಎಂಬ ಕೃತಿಗೆ ಮಾಸ್ಕೋದಲ್ಲಿ ಮೊದಲ ಬಹುಮಾನ. ಒಂದು ಕೈಯಲ್ಲಿ ಛಡಿಯೇಟು, ಇನ್ನೊಂದು ಕೈಯಲ್ಲಿ ಹಾರ.

1968ರ 'ಕ್ರೇದೊ' ಬಂದಾಗ ಹಾರ ನಿಂತೇಹೋಯಿತು.

ತಂಬೂರಿ:
ಹೂವಿನ ವಿಷಯ ಮಗಳಿಗೆ ಹೇಳಲಿಲ್ಲ. ಆದರೆ ನಾನು ಹಾಳೆ ತೆಗೆದು ನೋಡಿದೆ. ಇದೆ!

'ಕ್ರೇದೊ' ಬಗ್ಗೆ ನಾನು ಓದಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಟಾಲಿನ್ನಿನಲ್ಲಿ ನೀಮೆ ಯಾರ್ವಿ ನಡೆಸಿಕೊಟ್ಟರು. ಬಾಖ್ ಅವರ ಸಿ ಮೇಜರ್ ಪ್ರೆಲ್ಯೂಡ್ ಎಲ್ಲರಿಗೂ ಗೊತ್ತಲ್ಲ, ಪಿಯಾನೋ ಕಲಿಯುವ ಮಕ್ಕಳು ನುಡಿಸುವುದು, ಅದು ಇದರ ಬೀಜ. ಅದರ ಮೇಲೆ ಮೇಳ ಲ್ಯಾಟಿನ್ನಿನಲ್ಲಿ ಯೇಸುಕ್ರಿಸ್ತನಲ್ಲಿ ನಂಬಿಕೆ ಇಟ್ಟಿದ್ದೇನೆ ಎಂದು ಹಾಡುತ್ತದೆ. ನಡುವೆ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ಮಾತು. ಅಲ್ಲಿ ಸಂಗೀತ ಕುದಿದು ಗದ್ದಲವಾಗುತ್ತದೆ. ಕೆಟ್ಟದ್ದಕ್ಕೆ ಕೆಟ್ಟದ್ದು ಮಾಡಬೇಡಿ ಎಂಬ ಮಾತು ಬಂದಾಗ ಎಲ್ಲ ಕರಗಿ ಮತ್ತೆ ಬಾಖ್ ಉಳಿಯುತ್ತಾರೆ. ದೇವರ ಹೆಸರು ಎತ್ತುವುದೇ ಸರ್ಕಾರಕ್ಕೆ ಎದುರು ನಿಂತಂತೆ ಆಗಿದ್ದ ಕಾಲ. ಕೃತಿಯನ್ನು ಮತ್ತೆ ಹಾಡಲು ಬಿಡಲಿಲ್ಲ.

ನನಗೆ ಅನಿಸುವುದು ಇಷ್ಟು. ಸರ್ಕಾರ ಬಾಯಿ ಮುಚ್ಚಿಸಿತು, ಅದಕ್ಕೆ ಅವರು ಸುಮ್ಮನಾದರು ಎಂದರೆ ಅದು ಅರ್ಧ ಮಾತ್ರ. ಒಳಗೇ ಏನೋ ಮುಗಿದುಹೋಗಿತ್ತು. 'ಕ್ರೇದೊ'ದ ಕೊನೆಯಲ್ಲಿ ಬಾಖ್ ಗೆಲ್ಲುತ್ತಾರೆ. ಆದರೆ ಅದು ಬಾಖ್ ಅವರ ಸ್ವರ, ಪ್ಯಾರ್ಟ್ ಅವರದ್ದಲ್ಲ. ತನ್ನದೇ ಆದ ಶುದ್ಧ ಸ್ವರ ಯಾವುದು ಎಂದು ಗೊತ್ತಿಲ್ಲದೆ ಮುಂದಕ್ಕೆ ಬರೆಯುವುದು ಹೇಗೆ?

ಕಪ್ಪು ಬಿಳಿ ಮನೆ:
ಸರಿಯಾಗಿ ಹೇಳಿದಿರಿ. ಆಮೇಲೆ ಮಾಡಿದ್ದು ಕಲಿಕೆ. ಟಾಲಿನ್ನಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಗ್ರೆಗೋರಿಯನ್ ಗಾಯನದ ಒಂದು ತುಣುಕು ಕಿವಿಗೆ ಬಿತ್ತು. ಚರ್ಚಿನ ಹಳೆಯ ಹಾಡು, ಒಂದೇ ಎಳೆ, ವಾದ್ಯವಿಲ್ಲ. ಅಷ್ಟರಿಂದ ಇಷ್ಟು ಆಗುತ್ತದಾ ಎಂದು ಅವರಿಗೆ ಹೊಡೆದ ಹಾಗಾಯಿತು. ಅಲ್ಲಿಂದ ಮೊದಲ ಪಾಠ ಕಲಿಯುವ ಹುಡುಗನ ಹಾಗೆ ಪುಸ್ತಕದ ಮೇಲೆ ಪುಸ್ತಕ ತುಂಬಿಸಿದರು. ಬೈಬಲ್ಲಿನ ಒಂದು ಕೀರ್ತನೆ ಓದುವುದು, ಕೂಡಲೇ ಒಂದೇ ಎಳೆಯ ರಾಗ ಬರೆಯುವುದು. ಹಕ್ಕಿಗಳ ಹಾರಾಟದ ಗೆರೆ ಎಳೆದು ಅದರ ಪಕ್ಕ ಸ್ವರ ಬರೆಯುವುದು. ಆಗ ಅವರಿಗೆ ಸುಮಾರು ಮೂವತ್ತೈದು. ಪದವಿ, ಬಹುಮಾನ, ಹೆಸರು ಎಲ್ಲ ಇದ್ದವರು. 1972ರಲ್ಲಿ ಆರ್ಥೊಡಾಕ್ಸ್ ಚರ್ಚಿಗೆ ಸೇರಿದರು. ಅದೇ ವರ್ಷ ನೋರಾ ಜೊತೆ ಮದುವೆ.

ಅವರು ಮತ್ತೆ ಮತ್ತೆ ಹೇಳುವ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಬೀದಿ ಗುಡಿಸುವ ಒಬ್ಬರನ್ನು ಕಂಡು, ಸಂಗೀತ ಬರೆಯುವವನು ಹೇಗೆ ಬರೆಯಬೇಕು ಎಂದು ಪ್ಯಾರ್ಟ್ ಕೇಳಿದರಂತೆ. ಒಂದೊಂದು ಸ್ವರವನ್ನೂ ಪ್ರೀತಿಸಬೇಕಾಗುತ್ತದೆ ಎಂಬ ಅರ್ಥದ ಉತ್ತರ ಬಂತು. ಯಾವ ಗುರುವೂ ತನಗೆ ಇಂಥ ಮಾತು ಹೇಳಿರಲಿಲ್ಲ ಎಂದು ಪ್ಯಾರ್ಟ್ ನೆನೆಯುತ್ತಾರೆ.

1976–77ರಲ್ಲಿ ಕಟ್ಟೆ ಒಡೆಯಿತು. 'ಫ್ಯೂರ್ ಅಲೀನಾ', 'ಫ್ರಾತ್ರೆಸ್', 'ಕಾಂಟುಸ್', 'ತಾಬುಲಾ ರಾಸಾ', 'ಮಿಸ್ಸಾ ಸಿಲ್ಲಾಬಿಕಾ'. ಇವತ್ತು ಜಗತ್ತು ಪ್ಯಾರ್ಟ್ ಎಂದು ಕೇಳುವ ಹೆಚ್ಚಿನದ್ದು ಆ ಎರಡು ವರ್ಷದ ಫಸಲು.

ಟಾಲಿನ್ ಕನ್ನಡಿಗ:
ಇಲ್ಲಿ ನಮ್ಮೂರಿನ ಹೆಸರು ಇಷ್ಟು ಸಲ ನೋಡಿ ಖುಷಿಯಾಯಿತು! ಕೆಲಸಕ್ಕೆಂದು ಬಂದು ಆರು ವರ್ಷ ಆಯಿತು. ಸಂಗೀತ ಓದಿದವನಲ್ಲ, ಆದರೆ ಇಲ್ಲಿದ್ದು ಪ್ಯಾರ್ಟ್ ಹೆಸರು ಕೇಳದೆ ಇರಲು ಆಗುವುದಿಲ್ಲ. ಸುಮಾರು 13 ಲಕ್ಷ ಜನರ ದೇಶ ಇದು. ಅದರಿಂದ ಹೊರಟ ಒಬ್ಬರು ಜಗತ್ತಿನಲ್ಲೇ ಅತಿ ಹೆಚ್ಚು ನುಡಿಸಲ್ಪಡುವ, ಬದುಕಿರುವ ಸಂಗೀತಕಾರ ಎಂದು 2011ರಿಂದ 2018ರವರೆಗೆ ವರ್ಷ ವರ್ಷವೂ ಬಾಖ್‌ಟ್ರ್ಯಾಕ್ ಜಾಲತಾಣದ ಲೆಕ್ಕದಲ್ಲಿ ಬಂದರು. ಇಲ್ಲಿನವರು ಅದನ್ನು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಮೆಲ್ಲಗೆ ಹೇಳುತ್ತಾರೆ.

ಟಾಲಿನ್ನಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ ಲೌಲಾಸ್ಮಾ ಎಂಬ ಜಾಗವಿದೆ. ಸಮುದ್ರದ ಪಕ್ಕ ಪೈನ್ ಕಾಡು. ಅಲ್ಲೇ ಆರ್ವೊ ಪ್ಯಾರ್ಟ್ ಕೇಂದ್ರ. 2018ರ ಅಕ್ಟೋಬರಿನಲ್ಲಿ ಈಗಿನ ಕಟ್ಟಡ ತೆರೆದರು. ವಿನ್ಯಾಸ ಸ್ಪೇನಿನ ನಿಯೆತೊ ಸೊಬೆಹಾನೊ ಅವರದ್ದು. ನಾನು ಚಳಿಗಾಲದಲ್ಲಿ ಹೋಗಿದ್ದೆ. ಗಾಜಿನ ಗೋಡೆ, ಹೊರಗೆ ಮರದ ಕಾಂಡ, ಒಳಗೆ ತೆಳ್ಳನೆಯ ಕಂಬ. ಎರಡೂ ಒಂದೇ ಸಾಲಿನಲ್ಲಿ ನಿಂತ ಹಾಗೆ ಕಾಣುತ್ತದೆ. ಕಟ್ಟಡ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಒಳಗೆ ಅಂಗಳದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಕಪ್ಪು ಬಿಳಿ ಮನೆ ಅವರು ಹೇಳಿದ ಆ ಪುಸ್ತಕಗಳನ್ನು ಇಟ್ಟಿರುವುದು ಇದೇ ಕೇಂದ್ರದಲ್ಲಿ.

ರಾಕ್ವೆರೆಗೂ ಹೋಗಿದ್ದೇನೆ. ಅಲ್ಲಿನ ಚೌಕದ ಕಂಬದಲ್ಲಿ ಆಗ ಧ್ವನಿವರ್ಧಕ ಕಟ್ಟಿದ್ದರಂತೆ. ರೇಡಿಯೋದ ಸಂಗೀತ ಬರುವಾಗ ಹುಡುಗ ಪ್ಯಾರ್ಟ್ ಸೈಕಲ್ ಮೇಲೆ ಚೌಕಕ್ಕೆ ಸುತ್ತು ಹಾಕುತ್ತಾ ಪೂರ್ತಿ ಕೇಳುತ್ತಿದ್ದರು. ನಮ್ಮ ತಾತ ಊರಿನ ಪಾರ್ಕಿನ ರೇಡಿಯೋ ಕೇಳಲು ಸಂಜೆ ನಡೆದು ಹೋಗುತ್ತಿದ್ದ ಕಥೆ ಹೇಳುತ್ತಿದ್ದರು. ಚೌಕದಲ್ಲಿ ನಿಂತಾಗ ನನಗೆ ತಾತನದೇ ನೆನಪು.

ಹೊಸ ಕಿವಿ:
ಪಿಟೀಲು ಸರ್ ಹೇಳಿದ ಹಾಗೆ 'ಶ್ಪೀಗೆಲ್' ಎಣಿಸಿಕೊಂಡು ಕೇಳಿದೆ. ಬೇರೆಯೇ ಆಗಿ ಕೇಳಿಸಿತು. ನಾಲ್ಕನೆಯ ಸಲ ಗಾಂಧಾರಕ್ಕೆ ಬಂದಾಗ ನಾನೂ ಉಸಿರು ಬಿಟ್ಟೆ. ಮುಂದಿನದು ಯಾವುದು ಕೇಳಲಿ?

ಮೈಸೂರು ಪಿಟೀಲು:
'ಕಾಂಟುಸ್'. ಪೂರ್ತಿ ಹೆಸರು ಬೆಂಜಮಿನ್ ಬ್ರಿಟನ್ ನೆನಪಿಗೆ ಕಾಂಟುಸ್. ಇಂಗ್ಲೆಂಡಿನ ಸಂಗೀತಕಾರ ಬ್ರಿಟನ್ 1976ರ ಡಿಸೆಂಬರ್ 4ರಂದು ತೀರಿಕೊಂಡರು. ಪ್ಯಾರ್ಟ್ ಆಗಷ್ಟೇ ಅವರ ಸಂಗೀತವನ್ನು ಹತ್ತಿರದಿಂದ ಕೇಳತೊಡಗಿದ್ದರು. ಒಮ್ಮೆ ಭೇಟಿಯಾಗಬೇಕು ಎಂಬ ಆಸೆ ಹಾಗೇ ಉಳಿಯಿತು. ತಂತಿವಾದ್ಯಗಳು, ಒಂದು ಗಂಟೆ. ಇಷ್ಟೇ. ಆರೇಳು ನಿಮಿಷ.

ಇದರೊಳಗೆ ನಡೆಯುವುದನ್ನು ನಮ್ಮ ಮಾತಿನಲ್ಲೇ ಹೇಳಬಹುದು. ಎ ಷಡ್ಜ. ಇಳಿಯುವ ಸ್ವರಗಳು ನಠಭೈರವಿಯ ಅವರೋಹಣದವು. ಮೊದಲು ಬರೀ ಸ. ಆಮೇಲೆ ಸ ನಿ. ಆಮೇಲೆ ಸ ನಿ ದ. ಪ್ರತಿ ಸಲ ಮೇಲಿನಿಂದಲೇ ಶುರು, ಪ್ರತಿ ಸಲ ಒಂದು ಮೆಟ್ಟಿಲು ಜಾಸ್ತಿ. ಹತ್ತುವುದು ಎಂಬುದೇ ಇಲ್ಲ.

ನಾವು ವರ್ಣವನ್ನು ಒಂದನೇ ಕಾಲ, ಎರಡನೇ ಕಾಲದಲ್ಲಿ ಒಂದಾದ ಮೇಲೆ ಒಂದು ನುಡಿಸುತ್ತೇವಲ್ಲ, ಇಲ್ಲಿ ಐದು ಕಾಲ ಒಟ್ಟಿಗೇ ನಡೆಯುತ್ತವೆ. ಮೇಲಿನ ಪಿಟೀಲು ಬೇಗ. ಎರಡನೆಯದು ಅದರ ಅರ್ಧ ವೇಗ, ಒಂದು ಸ್ಥಾಯಿ ಕೆಳಗೆ. ವಿಯೋಲಾ ಅದರ ಅರ್ಧ. ಚೆಲ್ಲೋ ಅದರ ಅರ್ಧ. ಎಲ್ಲಕ್ಕಿಂತ ಕೆಳಗಿನ ಡಬಲ್ ಬಾಸ್ ಹದಿನಾರರಲ್ಲಿ ಒಂದು ವೇಗ. ಒಂದೇ ಇಳಿಯುವ ಸಾಲು ಐದು ವಯಸ್ಸಿನವರು ಐದು ನಡಿಗೆಯಲ್ಲಿ ಇಳಿದ ಹಾಗೆ. ತನ್ನ ಕೊನೆಯ ಮೆಟ್ಟಿಲು ಮುಟ್ಟಿದ ದನಿ ಅಲ್ಲೇ ನಿಂತು ಉಳಿದವರಿಗೆ ಕಾಯುತ್ತದೆ. ಎಲ್ಲರೂ ಬಂದ ಮೇಲೆ ದೊಡ್ಡ ಎ ಮೈನರ್ ನಾದ. ಅದು ಥಟ್ಟನೆ ನಿಲ್ಲುತ್ತದೆ.

ಆಗ ಕಿವಿ ಕೊಡಿ. ತಂತಿಗಳು ಜೋರಾಗಿರುವಾಗಲೇ ಗಂಟೆಯನ್ನು ಮೆಲ್ಲಗೆ ಹೊಡೆದಿರುತ್ತಾರೆ. ಯಾರಿಗೂ ಕೇಳಿಸುವುದಿಲ್ಲ. ತಂತಿ ನಿಂತ ಮೇಲೆ ಗಂಟೆಯ ಉಳಿದ ನಾದ ಬಯಲಿಗೆ ಬರುತ್ತದೆ. ಆ ನಾದದೊಳಗೆ ಅಂತರ ಗಾಂಧಾರ ಇದೆ. ಇಷ್ಟು ಹೊತ್ತು ಕೇಳಿದ್ದೆಲ್ಲ ಸಾಧಾರಣ ಗಾಂಧಾರ. ದುಃಖದ ಗಾಂಧಾರ ಅನ್ನಿ. ಅಂತರ ಗಾಂಧಾರವನ್ನು ಯಾರೂ ನುಡಿಸಿಲ್ಲ. ಅದು ತಾನಾಗಿ ಹುಟ್ಟಿತು.

ತಂಬೂರಿಯ ಮಂದ್ರ ಷಡ್ಜ ಮೀಟಿ ಸುಮ್ಮನೆ ಕೂತರೆ ಅಂತರ ಗಾಂಧಾರ ಕೇಳಿಸುತ್ತದೆ ಎಂದು ನಮ್ಮ ಗುರುಗಳು ಮೊದಲ ವರ್ಷವೇ ಹೇಳಿದ್ದರು. ಸ್ವಯಂಭೂ ಸ್ವರ. ನನಗೆ ಅದು ಕೇಳಿಸಲು ಮೂರು ವರ್ಷ ಹಿಡಿಯಿತು. 'ಕಾಂಟುಸ್' ಕೊನೆಯಲ್ಲಿ ಅದೇ ಗಾಂಧಾರ ಸಿಕ್ಕಾಗ ಕಣ್ಣು ತುಂಬಿತು. ಇದನ್ನು ಬರೆಯಲು ನಾಚಿಕೆಯಿಲ್ಲ.

ತಂಬೂರಿ:
ಸರ್, ಇದನ್ನು ಓದಿ ನಾನು ತಂಬೂರಿ ತೆಗೆದು ಮಂದ್ರ ಮೀಟಿ ಕೂತೆ. ಆಮೇಲೆ 'ಕಾಂಟುಸ್' ಹಾಕಿದೆ. ಮೂರು ಸಲ ಗಂಟೆ ಹೊಡೆದು ಶುರುವಾಗುತ್ತದೆ, ಅಲ್ಲೇ ಮೈ ಜುಮ್ಮೆಂದಿತು. ಕೊನೆಯ ಗಾಂಧಾರ ಕೇಳಿಸಿತು. ಬೇರೇನೂ ಹೇಳಲು ಆಗುತ್ತಿಲ್ಲ.

ಬಸಂತ್:
ಧಾರವಾಡದಿಂದ. ಹಿಂದೂಸ್ತಾನಿ ಗಾಯನ ಕಲಿತವ. ಈಗಷ್ಟೇ 'ಫ್ರಾತ್ರೆಸ್' ಕೇಳಿದೆ. ಕೆಳಗೆ ಸ-ಪ ಒಂದು ಕ್ಷಣವೂ ನಿಲ್ಲದೆ ಇದೆ. ನಮ್ಮ ತಾನ್‌ಪುರಾ ಇಟ್ಟ ಹಾಗೇ. ಮೇಲೆ ಬರುವ ಸ್ವರ ಬರೆದುಕೊಂಡೆ. ಕೋಮಲ ರಿಷಭ, ಶುದ್ಧ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ಧೈವತ, ಕೋಮಲ ನಿಷಾದ. ಇದು ಬಸಂತ್ ಮುಖಾರಿ! ಇವರು ನಮ್ಮ ರಾಗ ಕೇಳಿದ್ದಾರೆ ಎಂದೇ ನನ್ನ ಅನಿಸಿಕೆ.

ಕಪ್ಪು ಬಿಳಿ ಮನೆ:
ಬಸಂತ್ ಅವರೇ, ನೀವು ಹಿಡಿದ ಸ್ವರ ಸರಿ. ಆದರೆ ಅನಿಸಿಕೆಗೆ ನನ್ನ ಒಪ್ಪಿಗೆ ಇಲ್ಲ. ಕೆಳಗಿನ ಎ-ಇ ನಾದ ಕೊನೆಯವರೆಗೂ ಇದೆ, ನಿಜ. ಮೆಟ್ಟಿಲು ಹತ್ತುವ ಎಳೆಗಳು ಡಿ ಹಾರ್ಮೋನಿಕ್ ಮೈನರಿನಲ್ಲಿವೆ. ಅದನ್ನು ಎ ಷಡ್ಜ ಇಟ್ಟು ಓದಿದರೆ ನೀವು ಬರೆದ ಸ್ವರಗಳೇ ಬರುತ್ತವೆ. ಆದರೆ ಈ ಮೆಟ್ಟಿಲು ಯುರೋಪಿನಲ್ಲೇ ಹಳೆಯದು. ಅದನ್ನು ಪ್ಯಾರ್ಟ್ ಇಲ್ಲಿಂದ ತರಬೇಕಿರಲಿಲ್ಲ. ಅವರು ಹೋಗಿದ್ದು ಗ್ರೆಗೋರಿಯನ್ ಗಾಯನಕ್ಕೆ, ಹಳೆಯ ಚರ್ಚಿನ ಬಹುದನಿ ಸಂಗೀತಕ್ಕೆ. ನಮ್ಮದನ್ನು ಅವರ ತಲೆಗೆ ಕಟ್ಟಿದರೆ ಅವರು ಎಂಟು ವರ್ಷ ಪಟ್ಟ ಕಷ್ಟ ಕಾಣದೇ ಹೋಗುತ್ತದೆ.

ಇನ್ನೊಂದು ಇದೆ. ನಡುವಿನ ಎಳೆ ಗಮನಿಸಿ. ಅದು ಎ ಮೈನರಿನ ಮೂರು ಸ್ವರ ಮಾತ್ರ ಹಿಡಿಯುತ್ತದೆ. ಅಂದರೆ ಅದರ ಗಾಂಧಾರ ಕೋಮಲ.

ಮೈಸೂರು ಪಿಟೀಲು:
ಹೌದು, ಅದೇ ಮುಖ್ಯ. ಎರಡು ಗಾಂಧಾರ ಒಂದೇ ಕೃತಿಯಲ್ಲಿ ಉಜ್ಜಾಡುತ್ತವೆ. ಬಸಂತ್ ಮುಖಾರಿಯಲ್ಲಾಗಲಿ, ನಮ್ಮ ವಕುಳಾಭರಣದಲ್ಲಾಗಲಿ ಹಾಗೆ ಮಾಡಿದರೆ ರಾಗ ಒಡೆಯುತ್ತದೆ. ಇಲ್ಲಿ ಅದರಿಂದಲೇ ಜೀವ. ಗಮಕವೂ ಇಲ್ಲ. ಸ್ವರ ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತದೆ. ಮೇಳದ ಸ್ವರ ಒಂದೇ ಆದರೆ ರಾಗ ಒಂದೇ ಆಗುವುದಿಲ್ಲ ಎಂದು ನಾವೇ ಮಕ್ಕಳಿಗೆ ಹೇಳುವವರು, ಅಲ್ವಾ?

ಬಸಂತ್:
ಒಪ್ಪಿದೆ. ಆತುರ ಪಟ್ಟೆ. ಎರಡು ಗಾಂಧಾರ ಹಿಡಿದುಕೊಂಡು ಮತ್ತೆ ಕೇಳಿದೆ. ಮೊದಲ ಸಲ ನನಗೆ ಅಪಸ್ವರ ಎಂದು ಅನಿಸಿದ ಜಾಗಗಳು ಇವೇ. ಈಗ ಅವೇ ಜಾಗಕ್ಕೆ ಕಾಯುತ್ತಿದ್ದೇನೆ. ಆದರೂ ಒಂದು ಮಾತು. ಅವರು ನಮ್ಮಿಂದ ತರಲಿಲ್ಲ ಸರಿ. ತಾನ್‌ಪುರಾ ಮುಂದೆ ಬೆಳೆದ ಕಿವಿಗೆ ಇದರ ಬಾಗಿಲು ಬೇಗ ತೆರೆಯುತ್ತದೆ, ಅಷ್ಟಂತೂ ನಿಜ.

ಕಪ್ಪು ಬಿಳಿ ಮನೆ:
ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ನನ್ನ ವಿದ್ಯಾರ್ಥಿಗಳಲ್ಲಿ ಮನೆಯಲ್ಲಿ ಶ್ರುತಿ ಪೆಟ್ಟಿಗೆ ಕೇಳಿ ಬೆಳೆದವರು ಪ್ಯಾರ್ಟ್ ನುಡಿಸುವಾಗ ಅವಸರ ಮಾಡುವುದಿಲ್ಲ.

ದೇಶ ಬಿಟ್ಟ ಕಥೆ ಯಾರೂ ಹೇಳಲಿಲ್ಲ, ಹೇಳಿಬಿಡುತ್ತೇನೆ. 1980ರ ಜನವರಿ. ಪ್ಯಾರ್ಟ್, ನೋರಾ, ಇಬ್ಬರು ಗಂಡುಮಕ್ಕಳು, ಏಳು ಸೂಟ್‌ಕೇಸು. ಗಡಿಯ ಬ್ರೆಸ್ಟ್ ನಿಲ್ದಾಣದಲ್ಲಿ ತಪಾಸಣೆ. ಸೂಟ್‌ಕೇಸಿನ ತುಂಬ ಸ್ವರಲಿಪಿ, ರೆಕಾರ್ಡು, ಟೇಪು. ಕೇಳೋಣ ಹಾಕಿ ಎಂದರು ಅಧಿಕಾರಿಗಳು. ಖಾಲಿ ನಿಲ್ದಾಣದಲ್ಲಿ 'ಕಾಂಟುಸ್' ಹಾಕಿದರು. ಆಮೇಲೆ 'ಮಿಸ್ಸಾ ಸಿಲ್ಲಾಬಿಕಾ'. ಕೇಳಿದ ಮೇಲೆ ಆ ಪೊಲೀಸರು ತಮ್ಮೊಂದಿಗೆ ಸ್ನೇಹದಿಂದ ನಡೆದುಕೊಂಡರು ಎಂದು ಪ್ಯಾರ್ಟ್ ನೆನೆದಿದ್ದಾರೆ. ವಿಯೆನ್ನಾದಲ್ಲಿ ಇಳಿದರು. ಅಲ್ಲಿನ ಯುನಿವರ್ಸಲ್ ಎಡಿಷನ್ ಪ್ರಕಾಶನ ಕೈ ಹಿಡಿಯಿತು. ಮರುವರ್ಷ ಬರ್ಲಿನ್‌ಗೆ. ಅಲ್ಲಿ ಸುಮಾರು ಮೂವತ್ತು ವರ್ಷ.

ಜಗತ್ತಿಗೆ ಗೊತ್ತಾಗಿದ್ದು ಮಾನ್‌ಫ್ರೆಡ್ ಐಖರ್ ಅವರಿಂದ. ಇಸಿಎಂ ಎಂಬ ರೆಕಾರ್ಡ್ ಕಂಪನಿ ಕಟ್ಟಿದವರು. ರಾತ್ರಿ ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಈ ಸಂಗೀತ ಬಂತು. ಸರಿಯಾಗಿ ಕೇಳಿಸಲಿ ಎಂದು ದಾರಿ ಬಿಟ್ಟು ಎತ್ತರದ ಜಾಗಕ್ಕೆ ಕಾರು ಹತ್ತಿಸಿ ನಿಂತು ಕೇಳಿದರಂತೆ. 1984ರಲ್ಲಿ 'ತಾಬುಲಾ ರಾಸಾ' ಆಲ್ಬಂ ತಂದರು. ಅದಕ್ಕೆಂದೇ ಒಂದು ಹೊಸ ಸರಣಿ ಶುರುವಾಯಿತು. ಹೊಸ ಕಿವಿ ಅವರೇ, ಒಂದೇ ಆಲ್ಬಂ ಕೊಳ್ಳುವುದಾದರೆ ಅದನ್ನು ಕೊಳ್ಳಿ.

ರಾತ್ರಿ ಪಾಳಿ:
ನಾನು ಮಂಗಳೂರು ಕಡೆಯವಳು. ಐರ್ಲೆಂಡಿನಲ್ಲಿ ನರ್ಸ್. ಗುಣವಾಗದ ಕಾಯಿಲೆಯವರ ವಾರ್ಡಿನಲ್ಲಿ ಕೆಲಸ. ಸಂಗೀತದ ಲೆಕ್ಕ ನನಗೆ ಗೊತ್ತಿಲ್ಲ, ಆದರೂ ಬರೆಯಬೇಕು ಅನಿಸಿತು.

ಒಬ್ಬ ಅಜ್ಜ ಇದ್ದರು. ರಾತ್ರಿ ನಿದ್ದೆ ಇಲ್ಲ. ದಿನಾ 'ತಾಬುಲಾ ರಾಸಾ'ದ ಎರಡನೇ ಭಾಗ ಹಾಕಲು ಹೇಳುತ್ತಿದ್ದರು. 'ಸಿಲೆಂಟಿಯುಮ್' ಅಂತ ಹೆಸರು. ಬೇರೆ ಯಾವುದೂ ಬೇಡ. ಹದಿನಾರು ಹದಿನೇಳು ನಿಮಿಷ ಇದೆ. ಎರಡು ಪಿಟೀಲು ಮೆಲ್ಲಗೆ ಅಗಲುತ್ತವೆ. ಆಗಾಗ ಪಿಯಾನೋ ಗಂಟೆಯ ಹಾಗೆ ಮಿಡಿಯುತ್ತದೆ. ಮುಗಿಯುವ ಹೊತ್ತಿಗೆ ದನಿ ಕೆಳಗಿಳಿದು ಇಳಿದು ಎಲ್ಲಿ ನಿಂತಿತು ಅಂತಲೇ ಗೊತ್ತಾಗುವುದಿಲ್ಲ. ಕೊನೆಯ ಸ್ವರ ಬರಲಿಲ್ಲವಲ್ಲ ಅಂತ ಒಂದು ದಿನ ಕೇಳಿದೆ. ಅಜ್ಜ ನನ್ನ ಕೈ ಹಿಡಿದುಕೊಂಡು ನಕ್ಕರು. ಉತ್ತರ ಹೇಳಲಿಲ್ಲ.

ಅಮೆರಿಕದಲ್ಲಿ ಏಡ್ಸ್ ಬಂದು ಸಾಯುತ್ತಿದ್ದ ಹುಡುಗರೂ ಇದೇ ಭಾಗವನ್ನು ಮತ್ತೆ ಮತ್ತೆ ಕೇಳುತ್ತಿದ್ದರು ಅಂತ ಆಮೇಲೆ ಓದಿದೆ. ಯಾಕೆ ಅಂತ ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ?

ಕಪ್ಪು ಬಿಳಿ ಮನೆ:
ಅಕ್ಕಾ, ಬರೆದಿದ್ದಕ್ಕೆ ಋಣಿ. ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಡಿ ಮೈನರಿನಲ್ಲಿ ಕೊನೆಗೆ ಡಬಲ್ ಬಾಸ್ ಮೆಟ್ಟಿಲು ಇಳಿಯುತ್ತದೆ. ಷಡ್ಜಕ್ಕೆ ಒಂದೇ ಮೆಟ್ಟಿಲು ಇರುವಾಗ ನಿಲ್ಲುತ್ತದೆ. ಆ ಷಡ್ಜವನ್ನು ಪ್ಯಾರ್ಟ್ ಬರೆದೇ ಇಲ್ಲ. ಅದರ ಜಾಗದಲ್ಲಿ ನಾಲ್ಕು ಮನೆ ಮೌನ ಬರೆದಿದ್ದಾರೆ. ಕೇಳುವವರು ಅದನ್ನು ಒಳಗೇ ಹಾಡಿಕೊಳ್ಳಬೇಕು.

ಮೊದಲ ಪ್ರಯೋಗ 1977ರ ಸೆಪ್ಟೆಂಬರ್ 30ರಂದು ಟಾಲಿನ್ನಿನಲ್ಲಿ. ಪಿಟೀಲು ಗಿಡಾನ್ ಕ್ರೆಮರ್ ಮತ್ತು ತತ್ಯಾನಾ ಗ್ರಿಂಡೆಂಕೊ. ಪಿಯಾನೋಗೆ ಕೂತಿದ್ದವರು ಆಲ್ಫ್ರೆಡ್ ಶ್ನಿಟ್ಕೆ, ಅವರೇ ದೊಡ್ಡ ಸಂಗೀತಕಾರರು. ನಿಮಗೆ ಗಂಟೆಯ ಹಾಗೆ ಕೇಳಿಸಿದ್ದು ಆ ಪಿಯಾನೋ. ತಂತಿಗಳ ನಡುವೆ ತಿರುಪು ಮೊಳೆ ಸಿಕ್ಕಿಸಿ ದನಿ ಬದಲಿಸಿರುತ್ತಾರೆ.

ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆ ಅಜ್ಜನಿಗೆ ಗೊತ್ತಿತ್ತು.

ಟಾಲಿನ್ ಕನ್ನಡಿಗ:
ಇದನ್ನು ಬಸ್ಸಿನಲ್ಲಿ ಓದಿ ಸ್ವಲ್ಪ ಹೊತ್ತು ಹೊರಗೆ ನೋಡುತ್ತಾ ಕೂತೆ.

ಬೇರೆ ಒಂದು ಕಡೆಗೆ ತಿರುಗಿಸುತ್ತೇನೆ. ಪ್ಯಾರ್ಟ್ ಎಂದರೆ ಜಗತ್ತಿನ ಗೋಜಿಗೆ ಹೋಗದ ಸನ್ಯಾಸಿ ಎಂದು ಹಲವರು ತಿಳಿದಿದ್ದಾರೆ. ಗಡ್ಡ, ಚರ್ಚು, ಕಾಡು ನೋಡಿ ಹಾಗೆ ಅನಿಸುತ್ತದೆ. ಆದರೆ 2006ರಲ್ಲಿ ರಷ್ಯಾದ ಪತ್ರಕರ್ತೆ ಅನ್ನಾ ಪೊಲಿತ್ಕೊವ್ಸ್ಕಯಾ ಕೊಲೆಯಾದಾಗ, ಆ ಋತುವಿನಲ್ಲಿ ತನ್ನ ಸಂಗೀತ ಎಲ್ಲೇ ನಡೆದರೂ ಅದು ಅವರ ನೆನಪಿಗೆ ಎಂದು ಹೇಳಿದರು. ಮೂರನೇ ಸಿಂಫನಿಯಾಗಿ 37 ವರ್ಷದ ಮೇಲೆ, 2008ರಲ್ಲಿ ನಾಲ್ಕನೆಯದು ಬರೆದರು. 2009ರ ಜನವರಿಯಲ್ಲಿ ಲಾಸ್ ಏಂಜಲಿಸಿನಲ್ಲಿ ಮೊದಲ ಸಲ ನುಡಿಸಿದರು. ಅರ್ಪಿಸಿದ್ದು ಸರ್ಕಾರದ ಎದುರು ನಿಂತು ಆಗ ರಷ್ಯಾದ ಜೈಲಿನಲ್ಲಿದ್ದ ಉದ್ಯಮಿ ಮಿಖಾಯಿಲ್ ಖೊದೊರ್ಕೊವ್ಸ್ಕಿಗೆ. 'ದಾ ಪಾಚೆಮ್ ದೊಮಿನೆ' 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟದ ಬೆನ್ನಲ್ಲೇ ಬರೆದದ್ದು. ಶಾಂತಿ ಕೊಡು ಎಂಬ ಪ್ರಾರ್ಥನೆ. ದನಿ ಏರಿಸದೆ ಇದ್ದರೂ ಯಾರ ಪಕ್ಕ ನಿಂತಿದ್ದಾರೆ ಎಂದು ತಿಳಿಯುತ್ತದೆ.

ಬಸಂತ್:
ನಮ್ಮ ಕಡೆಯ ಒಂದು ನಿಜವಾದ ನಂಟು ಸಿಕ್ಕಿತು, ಈ ಸಲ ಆತುರವಿಲ್ಲ. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ 2002ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ 'ಮಾರ್ಸಿಯಸ್' ಎಂಬ ಕೆಲಸ ನಿಲ್ಲಿಸಿದ್ದರು. ರಕ್ತದ ಬಣ್ಣದ ದೊಡ್ಡ ಕೊಳವೆ, ಎರಡೂ ತುದಿಗೆ ಬಾಯಿ, ಕಟ್ಟಡದ ಈ ಕೊನೆಯಿಂದ ಆ ಕೊನೆವರೆಗೆ. ಅದರ ಮುಂದೆ ನಿಂತಾಗ ಪ್ಯಾರ್ಟ್‌ಗೆ ತಾನು ಸತ್ತು ತನ್ನ ದೇಹದ ಮುಂದೆ ನಿಂತ ಹಾಗೆ ಅನಿಸಿತಂತೆ. ಅದರಿಂದ 'ಲಾಮೆಂತಾತೆ' ಬಂತು. ಪಿಯಾನೋ ಮತ್ತು ವಾದ್ಯವೃಂದಕ್ಕೆ. 2003ರ ಫೆಬ್ರವರಿಯಲ್ಲಿ ಅದೇ ಶಿಲ್ಪದ ಕೆಳಗೆ ಎಲೆನ್ ಗ್ರಿಮೊ ಪಿಯಾನೋ ನುಡಿಸಿದರು. ಸತ್ತವರಿಗಲ್ಲ, ಸಾವನ್ನೂ ನೋವನ್ನೂ ಹೊತ್ತು ಬದುಕಬೇಕಾದವರಿಗಾಗಿ ಅತ್ತದ್ದು ಎಂದು ಪ್ಯಾರ್ಟ್ ಹೇಳಿದ್ದಾರೆ.

ಕೇಳಿದೆ. ಶುರುವಿನಲ್ಲಿ ನಗಾರಿ, ಕಹಳೆ, ಗುಡುಗು. ಮೆತ್ತಗಿನ ಪ್ಯಾರ್ಟ್ ಮಾತ್ರ ಗೊತ್ತಿದ್ದವರು ಇದನ್ನು ಕೇಳಲೇಬೇಕು.

ಹೊಸ ಕಿವಿ:
ಹಾಡುವ ಕೃತಿಗಳ ಬಗ್ಗೆ ಯಾರೂ ಹೇಳಲಿಲ್ಲ. ಭಾಷೆ ತಿಳಿಯದೆ ಕೇಳಬಹುದೇ?

ಕಪ್ಪು ಬಿಳಿ ಮನೆ:
ಕೇಳಬಹುದು, ಆದರೆ ಮಾತು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಯಾಕೆಂದರೆ ಅಲ್ಲಿ ರಾಗ ಕಟ್ಟುವುದೇ ಮಾತು. ಪದದಲ್ಲಿ ಎಷ್ಟು ಅಕ್ಷರ ಇದೆಯೋ ಅದರ ಮೇಲೆ ಸ್ವರದ ಲೆಕ್ಕ. ಅಲ್ಪವಿರಾಮ ಬಂದರೆ ಸಣ್ಣ ನಿಲುಗಡೆ, ವಾಕ್ಯ ಮುಗಿದರೆ ದೊಡ್ಡದು. 1982ರ 'ಪಾಸ್ಸಿಯೊ', ಯೋಹಾನನ ಸುವಾರ್ತೆಯಿಂದ ಯೇಸುವಿನ ಕೊನೆಯ ದಿನದ ಕಥೆ, ಒಂದು ಗಂಟೆಗೂ ಮಿಕ್ಕಿ ಹೀಗೇ ನಡೆಯುತ್ತದೆ. ನನಗೆ ಎಲ್ಲಕ್ಕಿಂತ ಹತ್ತಿರದ್ದು 'ಕಾನೊನ್ ಪೊಕಾಯಾನೆನ್'. ಪಶ್ಚಾತ್ತಾಪದ ಪ್ರಾರ್ಥನೆ, ಹಳೆಯ ಚರ್ಚ್ ಸ್ಲಾವೊನಿಕ್ ಭಾಷೆ. ಕಲೋನ್ ಕ್ಯಾಥೆಡ್ರಲ್ಲಿನ 750ನೇ ವರ್ಷಕ್ಕೆ ಬರೆದದ್ದು. ವಾದ್ಯವೇ ಇಲ್ಲ. ಟೊನು ಕಾಲ್ಯುಸ್ತೆ ಅವರ ಎಸ್ಟೋನಿಯನ್ ಮೇಳ ಹಾಡಿದ್ದನ್ನು ಹುಡುಕಿ. ಅದೇ ಕಾಲ್ಯುಸ್ತೆಗೆ 2014ರಲ್ಲಿ ಪ್ಯಾರ್ಟ್ ಅವರ 'ಆಡಮ್ಸ್ ಲಮೆಂಟ್' ಆಲ್ಬಮ್ಮಿಗಾಗಿ ಗ್ರ್ಯಾಮಿ ಬಂತು.

ಮೈಸೂರು ಪಿಟೀಲು:
ಕುಮಾರವ್ಯಾಸನನ್ನು ಗಮಕಿಗಳು ಓದುವಾಗ ರಾಗ ಮಾತಿನ ಹಿಂದೆ ಹೋಗುತ್ತದೆ, ಮುಂದೆ ಅಲ್ಲ. 'ಕಾನೊನ್' ಕೇಳುವಾಗ ನಾನು ಹಾಗೆ ಕೂರುತ್ತೇನೆ. ಅರ್ಥ ತಿಳಿಯದ ಭಾಷೆಯಾದರೂ ಎಲ್ಲಿ ಬೇಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ತಂಬೂರಿ:
ಎಲ್ಲರಿಗೂ ಒಂದು ಸುದ್ದಿ. ಮಗಳು ಹೂವು ಕಂಡುಹಿಡಿದಳು. ನಿನ್ನೆ ನುಡಿಸುತ್ತಿದ್ದವಳು ನಿಲ್ಲಿಸಿ "ಅಮ್ಮಾ, ಇಲ್ಲಿ ಯಾರೋ ಹೂವು ಬರೆದಿದ್ದಾರೆ" ಎಂದಳು. ಕೆಂಪು ಪೆನ್ಸಿಲ್ ತಂದು ಬಣ್ಣ ತುಂಬಿದಳು. ಅತ್ತೆ ಈಗ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾರೆ.

ಮೇಷ್ಟ್ರು ಮುಂದಿನ ವಾರ 'ಶ್ಪೀಗೆಲ್' ಶುರು ಮಾಡುತ್ತಾರಂತೆ. ಪಿಟೀಲು ನುಡಿಸುವವರು ನಮ್ಮ ಮನೆಯಲ್ಲಿ ಇಲ್ಲ. ಪಿಟೀಲು ಸರ್, ಆ ಭಾಗವನ್ನು ನಾನು ವೀಣೆಯಲ್ಲಿ ನುಡಿಸಬಹುದೇ? ಶ್ರುತಿ ಎಫ್, ಅಂದರೆ ಬಿಳಿ ನಾಲ್ಕು. ನನ್ನ ವೀಣೆ ಬಿಳಿ ಮೂರಕ್ಕೆ ಇದೆ, ಏರಿಸಲು ಭಯ.

ಮೈಸೂರು ಪಿಟೀಲು:
ಏರಿಸಬೇಡಿ ಮೇಡಂ, ತಂತಿ ಕಿತ್ತೀತು. ಬಿಳಿ ಮೂರರಲ್ಲೇ ಇರಲಿ. ಒಂದು ಮೆಟ್ಟು ಮೇಲಿನದನ್ನು ಷಡ್ಜ ಎಂದು ಹಿಡಿದು ನುಡಿಸಿ. ತಾಳದ ತಂತಿ ಮುಟ್ಟಬೇಡಿ, ಅದು ಹಳೆಯ ಷಡ್ಜದಲ್ಲೇ ಇರುತ್ತದೆ.

ತೊಂದರೆ ಬೇರೆ ಇದೆ. ಆ ಸ್ವರಗಳು ತುಂಬ ಉದ್ದ. ಬಿಲ್ಲಿನಲ್ಲಿ ಎಳೆದು ಹಿಡಿಯಬಹುದು, ವೀಣೆಯಲ್ಲಿ ನಾದ ನಡುವೆಯೇ ಇಳಿದುಹೋಗುತ್ತದೆ. ಮತ್ತೆ ಮೀಟಬೇಡಿ. ಇಳಿಯಲು ಬಿಡಿ. ಮಗಳ ಪಿಯಾನೋ ಹೇಗೂ ಕೆಳಗೆ ನಡೆಯುತ್ತಿರುತ್ತದೆ. ಗಮಕ ಮಾತ್ರ ಬೇಡ, ಬೆರಳು ತುಂಬ ತುಡಿಯುತ್ತದೆ, ಆದರೂ ಬೇಡ. ನುಡಿಸಿದ ಮೇಲೆ ಹೇಗಾಯಿತು ಎಂದು ಇಲ್ಲಿ ಬರೆಯಿರಿ.